ಗಾಜಿನ ತೊಟ್ಟಿಯ ದಾಯಾದಿಗಳು

ಹೈದರಾಬಾದಿನ ಸುಲ್ತಾನ್ ಬಜಾರಿನ ಗಲ್ಲಿಗಳಲ್ಲಿ ಸೀರೆ, ಬಳೆ, ಚಪ್ಪಲಿ, ಪಾತ್ರೆ, ಮದುವೆ ಸಾಮಾನು ಏನು ಬೇಕಾದರೂ ಸಿಕ್ಕೀತು. ಜೀವ ಇರುವುದೇನಾದರೂ ಬೇಕೆಂದರೆ ಮಾತ್ರ ಮೂಸಿ ಹೊಳೆ ದಾಟಿ, ಚಾರ್‌ಮಿನಾರ್ ಮಗ್ಗುಲಿನ ಮಹಬೂಬ್ ಚೌಕಕ್ಕೆ ಹೋಗಬೇಕು. ಊರವರ ಬಾಯಲ್ಲಿ ಅದು ಮುರ್ಗಿ ಚೌಕ್. ಕೋಳಿ, ಪಾರಿವಾಳ, ಮೊಲಗಳ ನಡುವೆ ಒಮ್ಮೊಮ್ಮೆ ತಂತಿ ಪಂಜರದಲ್ಲಿ ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುವ ಇಲಿಜಾತಿಯ ಪ್ರಾಣಿಗಳೂ ಕಾಣುತ್ತವೆ. ಏನಿದು ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಹ್ಯಾಮ್‌ಸ್ಟರ್. ಆದರೆ ಮೈಯಷ್ಟೇ ಉದ್ದದ ಬಾಲ, ಬಾಲದ ತುದಿಗೊಂದು ಕೂದಲ ಕುಚ್ಚು, ಹಿಂಗಾಲ ಮೇಲೆ ನೆಟ್ಟಗೆ ನಿಂತು ಗಾಳಿ ಮೂಸುವ ಚಾಳಿ ಇದ್ದರೆ ಅದು ಹ್ಯಾಮ್‌ಸ್ಟರ್ ಅಲ್ಲ, ಜರ್ಬಿಲ್.

ಈ ಗುರುತು ತಿಳಿಯದೆ ಕೊಂಡವರ ಮನೆಯಲ್ಲಿ ಜಗಳ ಅಂಗಡಿಯಿಂದಲೇ ಬಂದಿರುತ್ತದೆ. ಮೋಟು ಬಾಲದ ಸಿರಿಯನ್ ಹ್ಯಾಮ್‌ಸ್ಟರ್ ಒಂಟಿ ಪ್ರಾಣಿ. ಬೆಳೆದ ಎರಡನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಒಂದು ಉಳಿಯುವುದಿಲ್ಲ. ಇವತ್ತು ಜಗತ್ತಿನಲ್ಲಿ ಸಾಕುವ ಸಿರಿಯನ್ ಹ್ಯಾಮ್‌ಸ್ಟರ್‌ಗಳೆಲ್ಲ ಹೆಚ್ಚುಕಡಿಮೆ 1930ರಲ್ಲಿ ಅಲೆಪ್ಪೊ ಬಳಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ನೆಲದಿಂದ ಅಗೆಸಿ ತೆಗೆದ ಒಂದು ತಾಯಿ ಮತ್ತು ಅದರ ಮರಿಗಳ ಸಂತಾನ. ಪೆಟ್ಟಿಗೆಗೆ ಹಾಕಿದ ಮೇಲೆ ಆ ತಾಯಿಯೇ ಮರಿಯೊಂದನ್ನು ಕೊಂದಿತು. ಹ್ಯಾಮ್‌ಸ್ಟರ್‌ಗೆ ಜೊತೆ ಹುಡುಕುವುದೇ ಬೇಡ. ಜರ್ಬಿಲ್ ಹಾಗಲ್ಲ. ಅದಕ್ಕೆ ಜೊತೆ ಬೇಕು, ಒಂಟಿಯಾಗಿಟ್ಟರೆ ಮಂಕಾಗುತ್ತದೆ. ಆದರೆ ಯಾವ ಜೊತೆ, ಎಷ್ಟು ಜೊತೆ ಎನ್ನುವಲ್ಲಿ ಮನುಷ್ಯನ ಲೆಕ್ಕಕ್ಕೂ ಅದರ ಲೆಕ್ಕಕ್ಕೂ ತಾಳೆಯಾಗುವುದಿಲ್ಲ.

 ಸುಲ್ತಾನ್ ಬಜಾರಿನಿಂದ ಬಡೀ ಚೌಡಿ ಹಾದು ಕಾಚಿಗುಡದ ಕಡೆ ನಡೆದರೆ ಕನ್ನಡ ಕಿವಿಗೆ ಬೀಳುತ್ತದೆ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎಲ್ಲ ಆ ಸುತ್ತಿನವೇ. ಕಲಬುರ್ಗಿ, ಬೀದರ್, ರಾಯಚೂರು ಕಡೆಯಿಂದ ಹೈದರಾಬಾದ್ ಸಂಸ್ಥಾನದ ಕಾಲದಲ್ಲೇ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಈಗ ಎರಡು ಕೋಣೆಯ ಫ್ಲ್ಯಾಟುಗಳಲ್ಲಿದ್ದಾರೆ. ನಾಯಿಗೆ ಮನೆ ಮಾಲೀಕರು ಒಪ್ಪುವುದಿಲ್ಲ, ಬೆಕ್ಕಿಗೆ ಬಾಲ್ಕನಿ ಸಾಲದು. ಹೀಗಾಗಿ ಗಾಜಿನ ತೊಟ್ಟಿಯ ಪ್ರಾಣಿಗಳಿಗೆ ಜಾಗ ಸಿಗುತ್ತದೆ.

ಅಂಥದೊಂದು ಮನೆಯಲ್ಲಿ ಮೂರಡಿ ಉದ್ದದ ಹಳೆಯ ಮೀನಿನ ತೊಟ್ಟಿಯಲ್ಲಿ ಅಕ್ಕ ತಂಗಿ ಎರಡು ಜರ್ಬಿಲ್ ಇದ್ದವು. ಡಿಗ್ರಿ ಓದುವ ಹುಡುಗಿ ಅವುಗಳ ಮೇಲೆ ಪ್ರಾಣವನ್ನೇ ಇಟ್ಟಿದ್ದಳು. ಎರಡೂ ಒಂದನ್ನೊಂದು ನೆಕ್ಕಿಕೊಂಡು, ಒಂದರ ಕುತ್ತಿಗೆ ಮೇಲೆ ಒಂದು ತಲೆಯಿಟ್ಟು ಮಲಗುತ್ತಿದ್ದವು. ಗೆಳತಿಯ ಮನೆಯಲ್ಲಿ ಹೆಚ್ಚಾಗಿದ್ದ ಮೂರನೆಯದನ್ನು ತಂದು ಒಳಗೆ ಬಿಟ್ಟಳು. ಮೊದಲು ಮೂಸಿದವು. ಆಮೇಲೆ ದೊಡ್ಡದು ಮೈಕೂದಲು ನಿಮಿರಿಸಿ, ಬೆನ್ನು ಕಮಾನು ಮಾಡಿ, ಹೊಸದಕ್ಕೆ ಅಡ್ಡವಾಗಿ ನಿಂತಿತು. ಮುಂದಿನ ಕ್ಷಣ ಎರಡೂ ಉಂಡೆಯಾಗಿ ಉರುಳಿದವು. ಯಾವ ಕಾಲು ಯಾವುದರದೆಂದು ತಿಳಿಯುವ ಹಾಗಿರಲಿಲ್ಲ. ಹುಡುಗಿ ಕೈಹಾಕಿ ಬಿಡಿಸಲು ಹೋಗಿ ತೋರುಬೆರಳಿಗೆ ಆಳವಾಗಿ ಕಚ್ಚಿಸಿಕೊಂಡಳು. ಹೊಸದರ ಬಾಲದ ಬುಡದಲ್ಲಿ ರಕ್ತ.

“ಎರಡಿದ್ದಾಗ ಛಂದ ಇದ್ದುವಲ್ಲ ಯವ್ವಾ, ಮೂರನೇದ್ಯಾಕ ತಂದಿ?” ಎಂದರು ಅಜ್ಜಿ.

“ಅವಕ್ಕ ಇನ್ನೊಂದು ಜೊತಿ ಇರ್ಲಿ ಅಂತ ತಂದೆ, ಆಯಿ.”

“ಜೊತಿ ಅವಕ್ಕ ಬೇಕಾಗಿತ್ತೋ, ನಿನಗ ಬೇಕಾಗಿತ್ತೋ?”

ಜರ್ಬಿಲ್ ಸಾಕುವವರಿಗೆ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಪಶುವೈದ್ಯರೂ ಕೇಳಲಾರರು. ಈ ಪ್ರಾಣಿಗಳ ಜಗಳಗಳಲ್ಲಿ ಬಹುಪಾಲು ಮನೆಯವರ ಪ್ರೀತಿಯಿಂದಲೇ ಹುಟ್ಟುವಂಥವು. ಹೊಸ ಗೆಳೆಯನನ್ನು ತರುವುದು, ಇದ್ದಕ್ಕಿದ್ದಂತೆ ದೊಡ್ಡ ಮನೆ ಕಟ್ಟಿಕೊಡುವುದು, ವಾರಕ್ಕೊಮ್ಮೆ ತೊಟ್ಟಿಯನ್ನು ಸೋಪು ಹಾಕಿ ಥಳಥಳ ತೊಳೆಯುವುದು, ಈ ಮೂರನ್ನೂ ಬೈಯಲು ಮನಸ್ಸು ಬರುವುದಿಲ್ಲ. ಕಚ್ಚಾಟಕ್ಕೆ ದಾರಿ ಮಾಡಿಕೊಡುವವೂ ಇವೇ.

ಯಾಕೆಂದರೆ ಜರ್ಬಿಲ್ ತನ್ನವರನ್ನು ಗುರುತಿಸುವುದು ಮೂಗಿನಿಂದ. ಹೊಟ್ಟೆಯ ನಟ್ಟನಡುವೆ ಕೂದಲಿಲ್ಲದ, ಹಳದಿ ಛಾಯೆಯ ಉದ್ದನೆಯ ಗೀರಿನಂಥ ಗ್ರಂಥಿಯೊಂದಿದೆ. ಗಂಡಿಗೆ ದೊಡ್ಡದು, ಹೆಣ್ಣಿಗೆ ಸಣ್ಣದು. ಕಲ್ಲು, ಕಡ್ಡಿ, ಬಟ್ಟಲಿನ ಅಂಚಿಗೆ ಹೊಟ್ಟೆ ಉಜ್ಜಿಕೊಂಡು ಹೋಗುವುದೆಂದರೆ ‘ಇದು ನಮ್ಮ ಜಾಗ’ ಎಂದು ಬರೆದು ಹೋದ ಹಾಗೆ. ಅಮೆರಿಕದ ಡೆಲ್ಬರ್ಟ್ ಥೀಸನ್ ಮತ್ತು ಸಂಗಡಿಗರು 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ, ಈ ಗುರುತು ಹಾಕುವ ಚಾಳಿ ಗಂಡು ಹಾರ್ಮೋನಿನ ಹತೋಟಿಯಲ್ಲಿದೆ ಎಂದು ತೋರಿಸಿತು. ಒಟ್ಟಿಗೆ ಮಲಗಿ, ಒಂದನ್ನೊಂದು ನೆಕ್ಕಿ, ಒಂದೇ ಹೊಟ್ಟಿನಲ್ಲಿ ಹೊರಳಿದ ಜರ್ಬಿಲ್‌ಗಳಿಗೆಲ್ಲ ಮನೆತನದ ಒಂದೇ ವಾಸನೆ. ಅದಿಲ್ಲದವನು ಒಡಹುಟ್ಟಿದವನಾದರೂ ಹೊರಗಿನವನೇ. ಒಂದನ್ನು ಎರಡು ದಿನ ಬೇರೆ ಕಡೆ ಇಟ್ಟು ತಂದರೆ ಗುರುತು ಹಿಡಿಯದೆ ಮೈಮೇಲೆ ಬೀಳುವುದುಂಟು. ಒಂದಕ್ಕೆ ಕಾಯಿಲೆಯಾದರೂ ಎರಡನ್ನೂ ಒಂದೇ ಡಬ್ಬಿಯಲ್ಲಿ ಡಾಕ್ಟರ ಬಳಿಗೆ ಒಯ್ಯಿರಿ ಎಂದು ತಿಳಿದವರು ಹೇಳುವುದು ಇದಕ್ಕೇ. ಮೆಟ್ರೋದಲ್ಲಿ ಸುಲ್ತಾನ್ ಬಜಾರಿನ ಮುಂದಿನ ನಿಲ್ದಾಣವಾದ ನಾರಾಯಣಗುಡದಲ್ಲೇ ಸರಕಾರಿ ಪಶು ಆಸ್ಪತ್ರೆ ಇದೆ. ಅಷ್ಟು ಹತ್ತಿರಕ್ಕೂ ಜೋಡಿಯಾಗಿಯೇ ಹೋಗಲಿ.

ಸಾಕುವ ಜರ್ಬಿಲ್‌ನ ಮೂಲ ಮಂಗೋಲಿಯಾ, ಉತ್ತರ ಚೀನಾದ ಒಣ ಹುಲ್ಲುಗಾವಲು. 1935ರಲ್ಲಿ ಆಮೂರ್ ನದಿಯ ಸೀಮೆಯಲ್ಲಿ ಹಿಡಿದ ಸುಮಾರು 20 ಜೋಡಿ ಜಪಾನಿನ ಪ್ರಯೋಗಾಲಯಕ್ಕೆ ಹೋದವು. ಅವುಗಳ ಸಂತತಿಯಲ್ಲಿ 11 ಜೋಡಿ 1954ರಲ್ಲಿ ಅಮೆರಿಕಕ್ಕೆ ಬಂದವು. ಅಲ್ಲಿಂದ ಹತ್ತು ವರ್ಷಕ್ಕೆ ಇಂಗ್ಲೆಂಡ್ ಸೇರಿದವು. ಪ್ರಯೋಗಾಲಯದಿಂದ ಮಕ್ಕಳ ಕೋಣೆಗೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಕಾಡಿನಲ್ಲಿ ಇವು ಹೇಗೆ ಬಾಳುತ್ತವೆ ಎಂದು ಸ್ವೀಡನ್ನಿನ ಓಗ್ರೆನ್ ಮತ್ತು ಚೀನಾದ ಸಂಗಡಿಗರು ಒಳ ಮಂಗೋಲಿಯಾದ ಷಿಲಿನ್‌ಹಾಟ್ ಬಯಲಿನಲ್ಲಿ ಕೂತು ನೋಡಿ 1989ರಲ್ಲಿ ಬರೆದರು. ಒಂದು ಕುಟುಂಬ, ಅದಕ್ಕೊಂದು ಗಡಿ, ಗಡಿ ದಾಟಿದ ಹೊರಗಿನವನನ್ನು ಅಟ್ಟುವುದು. ಬಯಲಿನಲ್ಲಿ ಅಟ್ಟಿಸಿಕೊಂಡವನು ಓಡಿ ಬದುಕುತ್ತಾನೆ. ತೊಟ್ಟಿಯಲ್ಲಿ ಓಡಿದರೆ ಗಾಜು.

ಇದನ್ನೆಲ್ಲ ತಿಳಿಯಲು ಮಂಗೋಲಿಯಾದವರೆಗೆ ಹೋಗಬೇಕಿಲ್ಲ. ಜರ್ಬಿಲ್‌ಗೆ ನಮ್ಮ ನೆಲದಲ್ಲೇ ನೆಂಟರಿದ್ದಾರೆ. ಟಟೇರಾ ಇಂಡಿಕಾ ಎಂಬ ಭಾರತೀಯ ಜರ್ಬಿಲ್ ಬಯಲುಸೀಮೆಯ ಹೊಲಗಳಲ್ಲೆಲ್ಲ ಉಂಟು. ಪ್ರಾಣಿಶಾಸ್ತ್ರಜ್ಞ ಜೆರ್ಡನ್ ತನ್ನ 1867ರ ಸಸ್ತನಿಗಳ ಪುಸ್ತಕದಲ್ಲಿ ಇದಕ್ಕೆ ‘ಬಿಲ್ಲ ಇಲಿ’ ಎಂಬ ಕನ್ನಡ ಹೆಸರನ್ನೂ ದಾಖಲಿಸಿದ್ದಾನೆ. ಅದಕ್ಕಿಂತ ಮೊದಲೇ ಇದರ ಬಿಲದ ನಕ್ಷೆಯನ್ನು ಮಾತಿನಲ್ಲಿ ಬಿಡಿಸಿದವನು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ಇವನೇ. ಆಮೇಲೆ ಧಾರವಾಡ ಸೀಮೆಯಲ್ಲಿದ್ದುಕೊಂಡು ಅಲ್ಲಿನ ಪ್ರಾಣಿಗಳ ಪಟ್ಟಿ ಮಾಡಿ 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಆ ವಿವರದ ಪ್ರಕಾರ ಬಿಲಕ್ಕೆ ಸಣ್ಣ ಸಣ್ಣ ಬಾಯಿಗಳು ಹಲವು. ದಾರಿ ಎರಡು ಮೂರು ಅಡಿ ಇಳಿಜಾರಾಗಿ ಇಳಿದು, ಆಮೇಲೆ ಅಡ್ಡಕ್ಕೆ ಹೊರಳಿ, ಕವಲೊಡೆದು ಹೋಗುತ್ತದೆ. ಕವಲುಗಳ ಕೊನೆಗೆ ಒಣಹುಲ್ಲು ಹಾಸಿದ ಕೋಣೆಗಳು. ಕೆಲವು ಬಿಟ್ಟುಹೋದ ಕೋಣೆಗಳ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿರುತ್ತದೆ. ಒಂದು ಬಿಲದ ನಡುವಿನ ಕೋಣೆ ಬಹಳ ದೊಡ್ಡದಿತ್ತಂತೆ. ಅದು ಎಲ್ಲರೂ ಕೂಡುವ ಪಡಸಾಲೆ, ಸಣ್ಣ ಕೋಣೆಗಳಲ್ಲಿ ಹೆಣ್ಣುಗಳು ಮರಿಗಳ ಜೊತೆ ಇರುತ್ತವೆ ಎಂದು ಅವನಿಗೆ ವಿವರಿಸಿದವರು ನೆಲ ಅಗೆಯುವುದರಲ್ಲಿ ಪಳಗಿದ ವಡ್ಡರು. ಪ್ರಾಣಿಶಾಸ್ತ್ರದ ಈ ಪಾಠದ ಅರ್ಧ ಶ್ರೇಯ ಅವರದ್ದೇ, ಎಲಿಯಟ್ ಬರೆದುಕೊಂಡವನಷ್ಟೆ ಎಂಬುದು ನನ್ನ ಅಭಿಪ್ರಾಯ.

ಆ ಬಿಲವನ್ನು ಮನಸ್ಸಿನಲ್ಲಿಟ್ಟುಕೊಂಡು ಮೀನಿನ ತೊಟ್ಟಿಯನ್ನು ನೋಡಿದರೆ ಏನು ಕೊರತೆ ಎಂದು ಹೊಳೆಯುತ್ತದೆ. ಬಿಲದಲ್ಲಿ ಪಡಸಾಲೆ ಇದೆ, ಬೇರೆ ಕೋಣೆ ಇದೆ, ಹೊರಗೆ ಹೋಗುವ ಬಾಗಿಲು ಹಲವಿವೆ. ಮನಸ್ತಾಪ ಬಂದರೆ ದೂರ ಸರಿದು ಬೇರೆ ಒಲೆ ಹೂಡಬಹುದು. ತೊಟ್ಟಿಯೊಳಗೆ ದಾಯಾದಿಗಳಿಗೆ ಪಾಲಾಗುವ ಅವಕಾಶವೇ ಇಲ್ಲ.

(ಹೊಲದ ಬಿಲ್ಲ ಇಲಿಯನ್ನೇ ಹಿಡಿದು ತಂದು ಸಾಕುವ ಹುಮ್ಮಸ್ಸು ಮಾತ್ರ ಯಾರಿಗೂ ಬೇಡ. ಪ್ಲೇಗಿನ ರೋಗಾಣುವಿಗೆ ಕಾಡಿನಲ್ಲಿ ಆಶ್ರಯ ಕೊಡುವ ಪ್ರಾಣಿಗಳಲ್ಲಿ ಇದೂ ಒಂದು. ಕೋಲಾರದ ಕಡೆ ಕರ್ನಾಟಕ, ಆಂಧ್ರ, ತಮಿಳುನಾಡಿನ ಗಡಿಗಳು ಕೂಡುವ ಸೀಮೆಯಲ್ಲಿ ಇಲಿಗಳ ಮೇಲೆ ಕಣ್ಣಿಡಲೆಂದೇ ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ಪ್ಲೇಗ್ ಕಣ್ಗಾವಲು ಘಟಕವಿದೆ.)

ಹಾಗಾದರೆ ದೊಡ್ಡ ತೊಟ್ಟಿ, ಮಹಡಿ ಮೇಲೆ ಮಹಡಿ, ಕೋಣೆ ಮೇಲೆ ಕೋಣೆ ಕೊಟ್ಟರಾಯಿತಲ್ಲ? ಇಲ್ಲಿಯೇ ಅನೇಕರು ಎಡವುವುದು. ಕೋಣೆ ಹೆಚ್ಚಾದರೆ ಒಂದು ಮೇಲಿನ ಮಹಡಿಯನ್ನು ತನ್ನದೆಂದು ಹಿಡಿಯುತ್ತದೆ, ಇನ್ನೊಂದು ಕೆಳಗಿನದನ್ನು. ಇಬ್ಬರ ವಾಸನೆಯೂ ಬೆರೆಯದೆ ಬೇರೆ ಬೇರೆಯಾಗುತ್ತಾ ಹೋಗಿ ಒಂದು ದಿನ ಏಣಿಯ ನಡುವೆ ಯುದ್ಧ. ಎರಡು ಜರ್ಬಿಲ್‌ಗೆ ಎರಡೂವರೆ ಮೂರಡಿ ಉದ್ದದ ಒಂದೇ ಅಂಕಣದ ತೊಟ್ಟಿ, ಅದರಲ್ಲಿ ಗೇಣುದ್ದಕ್ಕೂ ಮಿಕ್ಕಿ ಆಳವಾಗಿ ಮರದ ಹೊಟ್ಟು, ನಡುನಡುವೆ ಒಣಹುಲ್ಲು, ರಟ್ಟು. ಬಿಲವನ್ನು ಅವೇ ತೋಡಿಕೊಳ್ಳಲಿ. ಕಟ್ಟಿಕೊಟ್ಟ ಮನೆಗಿಂತ ಒಟ್ಟಿಗೆ ತೋಡಿದ ಬಿಲದಲ್ಲಿ ಜಗಳ ಕಡಿಮೆ. ಅಂಗಡಿಯ ಗೂಡು ಇಡಲೇಬೇಕೆಂದರೆ ಅದಕ್ಕೆ ಎರಡು ಬಾಗಿಲಿರಲಿ, ಒಂದೇ ಬಾಗಿಲಾದರೆ ಜೋರಿನದು ಅಲ್ಲಿ ಕಾವಲು ಕೂತುಬಿಡುತ್ತದೆ. ನೀರಿನ ಬಾಟಲಿ ಎರಡು ಕಡೆ ತೂಗುಹಾಕಿ, ಕಾಳನ್ನು ಬಟ್ಟಲಿನಲ್ಲಿ ಇಡದೆ ಹೊಟ್ಟಿನ ಮೇಲೆ ಚೆಲ್ಲಿದರೆ ಹುಡುಕಿ ತಿನ್ನುವುದರಲ್ಲೇ ಸಂಜೆ ಕಳೆಯುತ್ತವೆ. ಓಡುವ ಚಕ್ರ ಒಂದೇ ಇದ್ದು ಅದಕ್ಕೇ ಕಿತ್ತಾಟವಾದರೆ ಇನ್ನೊಂದನ್ನು ತರಬೇಕು, ಇಲ್ಲವೇ ಇದ್ದದ್ದನ್ನೂ ತೆಗೆಯಬೇಕು.

ಶುಚಿಯ ವಿಷಯದಲ್ಲಿ ನಮ್ಮ ಮನೆಗಳ ಹೆಂಗಸರಿಗೆ ಈ ಮಾತು ರುಚಿಸಲಿಕ್ಕಿಲ್ಲ. ಜರ್ಬಿಲ್ ಮರುಭೂಮಿ ಕಡೆಯ ಪ್ರಾಣಿ, ನೀರು ಕುಡಿಯುವುದೇ ಕಡಿಮೆ, ಉಚ್ಚೆಯೂ ಕಡಿಮೆ, ತೊಟ್ಟಿ ಬೇಗ ನಾರುವುದಿಲ್ಲ. ಹೊಟ್ಟನ್ನು ಪೂರ್ತಿ ಎಸೆದು ಫಿನಾಯಿಲ್ ಹಾಕಿ ತೊಳೆದಿರೋ, ಮನೆತನದ ವಾಸನೆಯೂ ಗಟಾರಿಗೆ ಹೋಯಿತು. ಕೊಳೆಯಾದ ಮೂಲೆಯದನ್ನಷ್ಟೇ ತೆಗೆದು, ಹಳೆಯ ಹೊಟ್ಟಿನ ಒಂದು ಪಾಲನ್ನೂ ಮಲಗುವ ಗೂಡಿನ ಹುಲ್ಲನ್ನೂ ಹೊಸದರಲ್ಲಿ ಬೆರೆಸಿಡುವುದು ಕ್ಷೇಮ. ದೇವದಾರಿನಂಥ ಘಾಟು ಮರದ ಹೊಟ್ಟು ಬೇಡ, ಅದು ಅವುಗಳ ಉಸಿರಾಟಕ್ಕೂ ಕೆಟ್ಟದ್ದು.

ಸಂಖ್ಯೆ ಎರಡು ದಾಟದಿದ್ದರೆ ಅರ್ಧ ತಲೆನೋವು ಕಳೆದಂತೆ. ಒಂದೇ ಸೂಲಿನ ಎರಡು ಗಂಡು, ಇಲ್ಲವೇ ಎರಡು ಹೆಣ್ಣು. ಮೂರು ನಾಲ್ಕು ಹೆಣ್ಣುಗಳ ಗುಂಪು ಮರಿಯಾಗಿದ್ದಾಗ ನೋಡಲು ಸೊಗಸು, ಬೆಳೆದ ಮೇಲೆ ಒಡೆಯುವುದೇ ಹೆಚ್ಚು. ಕಾಡಿನ ಕುಟುಂಬದಲ್ಲಿ ಸಾಮಾನ್ಯವಾಗಿ ಮರಿ ಹಾಕುವ ಹಕ್ಕು ಯಜಮಾನ್ತಿಗೆ ಮಾತ್ರ. ತೊಟ್ಟಿಯಲ್ಲಿ ಗಂಡೇ ಇಲ್ಲದಿದ್ದರೂ ಆ ಪಟ್ಟಕ್ಕಾಗಿ ಪೈಪೋಟಿ ನಡೆಯುತ್ತದೆ. ಗಂಡು ಹೆಣ್ಣು ಜೋಡಿ ಸಾಮಾನ್ಯವಾಗಿ ಜಗಳವಾಡುವುದಿಲ್ಲ, ಬದಲಿಗೆ 24ರಿಂದ 26 ದಿನದ ಗಬ್ಬ ಕಳೆದು ಮೇಲಿಂದ ಮೇಲೆ ಮರಿ ಹಾಕಲು ಶುರುಮಾಡುತ್ತದೆ. ಹೆತ್ತ ದಿನವೇ ಮತ್ತೆ ಗಬ್ಬ ಕಟ್ಟುವ ಪ್ರಾಣಿ ಇದು. ಆ ಮರಿಗಳನ್ನು ಯಾರಿಗೆ ಕೊಡುತ್ತೀರಿ?

ಜಗಳ ಹೇಳದೆ ಕೇಳದೆ ಬರುವುದು ಕಡಿಮೆ. ಮುಂಗಾಲೆತ್ತಿ ಕುಸ್ತಿ ಹಿಡಿಯುವುದು, ಒಂದರ ಮೇಲೊಂದು ಹಾರುವುದು ಮರಿಗಳ ಆಟ, ಅದಕ್ಕೆ ಗಾಬರಿ ಬೇಡ. ಒಂದೇ ಪ್ರಾಣಿ ಯಾವಾಗಲೂ ಅಟ್ಟುತ್ತಿದ್ದು ಇನ್ನೊಂದು ಯಾವಾಗಲೂ ಓಡುತ್ತಿದ್ದರೆ, ಮೂಲೆಗೆ ಹೋಗಿ ಗಾಜಿಗೆ ಒತ್ತಿಕೊಂಡು ಕೂತರೆ, ಬೆಳೆದ ಪ್ರಾಣಿ ಕೀಚಲು ದನಿ ತೆಗೆದರೆ ಕಿವಿ ನಿಮಿರಬೇಕು. ಹಿಂಗಾಲಿನಿಂದ ಟಪಟಪ ನೆಲ ಬಡಿಯುವುದು ಅಪಾಯದ ಸಂಕೇತವೂ ಹೌದು, ಕೆರಳಿದ್ದರ ಗುರುತೂ ಹೌದು. ಬೇರೆ ಬೇರೆ ಮೂಲೆಯಲ್ಲಿ ಗೂಡು ಕಟ್ಟಿಕೊಂಡು ಮಲಗುವುದು ಬಿರುಕಿನ ದೊಡ್ಡ ಲಕ್ಷಣ ಎನ್ನುತ್ತಾರೆ. ಆದರೆ ಹೈದರಾಬಾದಿನಲ್ಲಿ ಇದನ್ನು ತಿಂಗಳು ನೋಡಿ ಓದಬೇಕು. ಡಿಸೆಂಬರಿನ ಚಳಿಯಲ್ಲಿ ಬೇರೆ ಮಲಗಿದರೆ ಚಿಂತಿಸಿ. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ ಬೇರೆ ಮಲಗಿದರೆ ಅದು ಸೆಕೆ. ಆಗ ನೋಡಬೇಕಾದ್ದು ಸಂಜೆ ಎದ್ದ ಮೇಲೆ ಒಂದನ್ನೊಂದು ನೆಕ್ಕುತ್ತವೆಯೇ ಎಂಬುದನ್ನು. ಸೆಕೆಗೆಂದು ಕೂಲರನ್ನು ತೊಟ್ಟಿಗೇ ತಿರುಗಿಸಿಡುವವರಿದ್ದಾರೆ. ಕೂಲರ್ ತೇವದ ಗಾಳಿ ಊದುತ್ತದೆ, ತೇವ ಏರಿದರೆ ಜರ್ಬಿಲ್‌ನ ತುಪ್ಪಳ ಜಿಡ್ಡಾಗಿ ನಿಮಿರುತ್ತದೆ. ಬಿಸಿಲು ಬೀಳದ ಗೋಡೆ, ಫ್ಯಾನು, ತಣ್ಣಗಿನ ಕಡಪಾ ಕಲ್ಲಿನ ತುಂಡು ಸಾಕು.

ಮೂಗಿನ ಸುತ್ತ ಕೆಂಪು ಕಂಡೊಡನೆ ಕಚ್ಚಿದೆ ಎಂದು ತೀರ್ಮಾನಿಸುವುದೂ ಬೇಡ. ಕಣ್ಣಿನ ಹಿಂದಿನ ಹಾರ್ಡರ್ ಗ್ರಂಥಿಯಿಂದ ಕೆಂಗಂದು ಸ್ರಾವವೊಂದು ಮೂಗಿಗೆ ಇಳಿಯುತ್ತದೆ. ಮೈಗೆ ಧೂಳು ಹಿಡಿದು ಒರೆಸಿಕೊಳ್ಳದಿದ್ದಾಗ, ಆತಂಕದಲ್ಲಿದ್ದಾಗ ಅದು ಅಲ್ಲೇ ಒಣಗಿ ರಕ್ತದಂತೆ ಕಾಣುತ್ತದೆ. ಕಚ್ಚಿದ ಗಾಯ ಇರುವುದು ಹೆಚ್ಚಾಗಿ ಹಿಂಭಾಗದಲ್ಲಿ, ಬಾಲದ ಬುಡದಲ್ಲಿ. ಹಾಗೆಯೇ ಹೊಸ ಜಾಗದಲ್ಲಿ ಬಿಟ್ಟಾಗ ಕೆಲವು ಜರ್ಬಿಲ್‌ಗೆ ಮೂರ್ಛೆ ಬರುವುದುಂಟು. ನಡುಗಿ ಬಿದ್ದದ್ದನ್ನು ಕಂಡು ಜೊತೆಗಾರನನ್ನು ದೂರಬೇಡಿ.

ಉಂಡೆಯಾಗಿ ಉರುಳುವ ಜಗಳ ಶುರುವಾದರೆ ಬರಿಗೈ ಹಾಕಬಾರದು. ದಪ್ಪ ಟವೆಲ್ ಎಸೆಯಿರಿ, ಕಸ ಎತ್ತುವ ಮೊರ ಅಡ್ಡ ತೂರಿಸಿ, ಒಂದರ ಮೇಲೆ ಡಬ್ಬಿ ಬೋರಲು ಹಾಕಿ. ಅವಸರದಲ್ಲಿ ಬಾಲ ಹಿಡಿದೆತ್ತಿದರೆ ಬಾಲದ ಚರ್ಮ ಕಳಚಿ ಕೈಗೆ ಬರುತ್ತದೆ. ಗಾಯಕ್ಕೆ ಮನೆಯ ಮುಲಾಮು ಹಚ್ಚಿದರೆ ನೆಕ್ಕಿಬಿಡುತ್ತವೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಒರೆಸಿ ಡಾಕ್ಟರಿಗೆ ತೋರಿಸುವುದೇ ಸರಿ. ರಕ್ತ ಬರುವವರೆಗೆ ಹೋದ ಜೋಡಿಯನ್ನು ‘ರಾಜಿಯಾಗಿರಬಹುದು’ ಎಂದು ಅಂದೇ ರಾತ್ರಿ ಮತ್ತೆ ಕೂಡಿಸುವವರೇ ಬೆಳಿಗ್ಗೆ ಹೆಣ ನೋಡುವುದು.

ಅಪರಿಚಿತ ಎರಡನ್ನು ಕೂಡಿಸಲೇಬೇಕಾದರೆ ದಾರಿ ಇದೆ, ತಾಳ್ಮೆ ಬೇಕು. ತೊಟ್ಟಿಯ ನಡುವೆ ಕಬ್ಬಿಣದ ಜಾಲರಿ ನಿಲ್ಲಿಸಿ ಎರಡು ಭಾಗ ಮಾಡುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚು ಕಣ್ಣಿನದು ಕೇಳಿ, ಅರ್ಧ ಇಂಚಿನದಾದರೆ ಮೂಗು ತೂರಿಸಿ ಕಚ್ಚಿಕೊಳ್ಳುತ್ತವೆ. ಸೊಳ್ಳೆ ಪರದೆಯ ಪ್ಲಾಸ್ಟಿಕ್ ಜಾಲರಿ ಒಂದು ರಾತ್ರಿಗೂ ಬಾಳದು. ಅಂಚಿನಲ್ಲಿ, ಮೇಲ್ಮುಚ್ಚಳದ ಕೆಳಗೆ ಸಂದು ಉಳಿಯದಂತೆ ಕಟ್ಟುತಂತಿ ಬಿಗಿಯಬೇಕು. ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ ಈಚೆಯದನ್ನು ಆಚೆಗೆ, ಆಚೆಯದನ್ನು ಈಚೆಗೆ ಬದಲಿಸುತ್ತಾ ಹೋಗುವುದು. ಪ್ರಾಣಿಯನ್ನಷ್ಟೇ ಬದಲಿಸಿ, ಹೊಟ್ಟನ್ನಲ್ಲ. ಒಂದರ ಹಾಸಿಗೆಯಲ್ಲಿ ಇನ್ನೊಂದು ಮಲಗಿ ಮಲಗಿ ಯಾವ ವಾಸನೆ ಯಾರದೆಂಬ ಗೊಂದಲ ಹುಟ್ಟಬೇಕು. ಮೊದಲ ದಿನಗಳಲ್ಲಿ ಜಾಲರಿ ಕಚ್ಚಿ ಎಳೆದಾಡುತ್ತವೆ. ವಾರ ಹತ್ತು ದಿನ ಕಳೆದು, ಜಾಲರಿಯ ಎರಡೂ ಬದಿಗೆ ಬೆನ್ನಿಗೆ ಬೆನ್ನು ಹಚ್ಚಿ ಮಲಗುವುದು ಕಂಡರೆ ಹೊತ್ತು ಬಂತು ಎಂದರ್ಥ. ಬರದಿದ್ದರೆ ಇನ್ನೊಂದು ವಾರ.

ಜಾಲರಿ ತೆಗೆಯುವುದು ಸಂಜೆಯಲ್ಲ, ರಜೆಯ ದಿನ ಬೆಳಿಗ್ಗೆ. ತೊಳೆದ ಸಣ್ಣ ತೊಟ್ಟಿ, ಒಂದು ಹಿಡಿ ಹೊಟ್ಟು, ಗೂಡಿಲ್ಲ, ಚಕ್ರವಿಲ್ಲ. ಪಕ್ಕದಲ್ಲಿ ಮೊರ, ಟವೆಲ್ ಇಟ್ಟುಕೊಂಡು ಇಡೀ ದಿನ ಕಾಯಬೇಕು. ಟಿವಿ ನೋಡುತ್ತಾ ಕಾಯುವ ಕೆಲಸವಲ್ಲ ಇದು. ಒಂದು ತಲೆ ತಗ್ಗಿಸಿ ಇನ್ನೊಂದರ ಮೂತಿಯ ಕೆಳಗೆ ತೂರಿಸಿ, ನೆಕ್ಕು ಎಂದು ಕೇಳಿದರೆ ಗೆದ್ದಂತೆ. ಮುಂದಿನ ಕೆಲವು ವಾರ ಸಣ್ಣ ಜಾಗವೇ ಇರಲಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ದೊಡ್ಡದು. ಇಷ್ಟೆಲ್ಲ ಮಾಡಿದರೂ ಬೆಳೆದ ಎರಡು ಹೆಣ್ಣುಗಳು ಒಪ್ಪದಿರಬಹುದು. ಬೆಳೆದ ಗಂಡಿನ ಜೊತೆ ಎಂಟು ವಾರದ ಒಳಗಿನ ಗಂಡು ಮರಿ ಕೂಡಿಸುವುದು ಇದ್ದುದರಲ್ಲಿ ಸುಲಭ. ಒಪ್ಪದಿದ್ದರೆ ಎರಡು ತೊಟ್ಟಿ ಮಾಡಿ, ಇಬ್ಬರ ಮೇಲೂ ಬಲವಂತ ಬೇಡ.

ಕೊಳ್ಳುವಾಗಲೇ ನಾಲ್ಕು ಪ್ರಶ್ನೆ ಕೇಳುವುದು ಅಗ್ಗದ ಉಪಾಯ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಪ್ರಾಣಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ ಪತ್ರ ತೋರಿಸಿ ಎಂದರೆ ಮುಖ ಸಿಂಡರಿಸುವವರ ಹತ್ತಿರ ಕೊಳ್ಳದಿದ್ದರೆ ನಷ್ಟವಿಲ್ಲ. ಒಂದೇ ಸೂಲಿನವೇ, ಎಷ್ಟು ವಾರದವು, ತಾಯಿಯಿಂದ ಯಾವಾಗ ಬಿಡಿಸಿದಿರಿ ಎಂದು ಕೇಳಿ. ಗಂಡೋ ಹೆಣ್ಣೋ ಎಂಬುದನ್ನು ಅವರ ಮಾತಿಗೆ ಬಿಡದೆ ಅಂಗೈಯಲ್ಲಿಟ್ಟುಕೊಂಡು ನೀವೇ ನೋಡಿ. ಮೂತ್ರದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಅಂತರ ಹೆಚ್ಚಿದ್ದರೆ ಗಂಡು, ಒತ್ತೊತ್ತಾಗಿದ್ದರೆ ಹೆಣ್ಣು. ಜರ್ಬಿಲ್ ಬದುಕುವುದು ಮೂರು ನಾಲ್ಕು ವರ್ಷ. ಜೋಡಿಯಲ್ಲಿ ಒಂದು ಸತ್ತಾಗ ಉಳಿದದ್ದು ತೀರಾ ಮುದಿಯಾಗಿದ್ದರೆ ಅದಕ್ಕೆ ಹೊಸ ಜೊತೆಯ ರಗಳೆ ಬೇಡ. ಸಂಜೆ ಹೊತ್ತು ತೊಟ್ಟಿಯೊಳಗೆ ಕೈಯಿಟ್ಟು ಕೂತರೆ ತೋಳು ಹತ್ತಿ ಬರುತ್ತದೆ, ಮಿಠಾಯಿ ಡಬ್ಬಿಯ ರಟ್ಟು ಕೊಟ್ಟರೆ ಗಂಟೆಗಟ್ಟಲೆ ಕತ್ತರಿಸುತ್ತದೆ. ಸೂರ್ಯಕಾಂತಿ ಬೀಜ ಮಾತ್ರ ಪಾಪ ಎಂದು ಹಿಡಿಗಟ್ಟಲೆ ಹಾಕಬೇಡಿ, ಒಂದೆರಡು ಸಾಕು, ಬೇಗ ಬೊಜ್ಜು ಬರುತ್ತದೆ.